ಸೋಲಲು ಬಿಡದ ಸಂಘ

“ಗುರುಗಳೇ, ವಯಸ್ಸಾದವರ ಮನಸ್ಸು ನೋಯದಂತೆ ನಡೆದುಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ. ಕೇಳಿದವನಿಗೆ ಇಪ್ಪತ್ತೈದು, ಗುರುಗಳಿಗೆ ಎಂಬತ್ತು ದಾಟಿತ್ತು. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಹಿರಿಯರಿಗಾಗಿ ಒಂದು ಸಂಘವಿತ್ತು. ಒಳ್ಳೆಯ ಸಂಘ, ಅದರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ಎಲ್ಲರನ್ನೂ ಕೆರೆ ಏರಿಯ ಮೇಲೆ ನಡೆಸುತ್ತಿತ್ತು, ಕಣ್ಣು ಮಂಜಾದವರಿಗೆ ಕನ್ನಡಕ ಕೊಡಿಸುತ್ತಿತ್ತು, ಹಲ್ಲಿಲ್ಲದವರಿಗೆ ಅನ್ನ ಮೆತ್ತಗೆ ಬೇಯಿಸಿ ಹಾಕುತ್ತಿತ್ತು. ಅದರ ಅಧ್ಯಕ್ಷ ಒಬ್ಬ ಬಟ್ಟೆ ವ್ಯಾಪಾರಿ. ಅವನ ಮನಸ್ಸು ಬೆಣ್ಣೆ. ಬೆಣ್ಣೆಯಲ್ಲಿ ಕಾಲಿಟ್ಟರೆ ಜಾರುತ್ತದೆ ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಆ ಸಂಘದಲ್ಲಿ ಒಬ್ಬ ಮುದುಕ ಕುಂಬಾರನಿದ್ದ. ಅವನಿಗೆ ಹುಲಿ-ಆಡಿನ ಆಟವೆಂದರೆ ಪ್ರಾಣ. ಕಟ್ಟೆಯ ಕಲ್ಲಿನ ಮೇಲೆ ಮನೆ ಬರೆದು ಅವನು ಮೂರು ಹುಲಿ ನಡೆಸುತ್ತಿದ್ದ. ಎದುರಿಗೆ ಒಬ್ಬ ಮುದುಕ ಗಾಣಿಗ ಹದಿನೈದು ಆಡು ನಡೆಸುತ್ತಿದ್ದ. ಹುಲಿ ಆಡನ್ನು ಹಾರಿ ತಿನ್ನಬೇಕು, ಆಡುಗಳು ಸೇರಿ ಹುಲಿ ಅಲುಗಾಡದಂತೆ ಕಟ್ಟಿಹಾಕಬೇಕು. ಇಬ್ಬರ ಬೈದಾಟ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಸೋತ ದಿನ ಕುಂಬಾರ ಗಾಣಿಗನ ಏಳು ತಲೆಮಾರನ್ನು ಶಪಿಸಿಯೇ ಮನೆಗೆ ಹೋಗುತ್ತಿದ್ದ.

ಇದನ್ನು ಕಂಡು ವ್ಯಾಪಾರಿಯ ಕರುಳು ಚುರುಕ್ಕೆಂದಿತು. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಬಂದರೆ ಎದೆ ತಡೆದೀತೇ? ಸಂಘ ಸಭೆ ಸೇರಿ ನಿರ್ಣಯ ಮಾಡಿತು: ಇನ್ನು ಮೇಲೆ ಹಿರಿಯರನ್ನು ಯಾರೂ ಸೋಲಿಸಕೂಡದು. ಗಾಣಿಗನನ್ನು ಊರಿನ ಆ ತುದಿಯ ಕಟ್ಟೆಗೆ ಕಳಿಸಿ, ಅವನಿಗೂ ಸೋಲುವವನೊಬ್ಬನನ್ನು ಗೊತ್ತುಮಾಡಿದರು. ಕುಂಬಾರನ ಎದುರು ವ್ಯಾಪಾರಿಯೇ ಕುಳಿತ.

ಕುಂಬಾರ ಗೆದ್ದ. ಮರುದಿನವೂ ಗೆದ್ದ. ತಿಂಗಳಿಡೀ ಗೆದ್ದ. ಸಂಘದವರು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಮೊದಮೊದಲು ಅವನು ಮೀಸೆ ತಿರುವಿದ. ಬರಬರುತ್ತ ಅನುಮಾನ ಬಂತು, ಏಕೆಂದರೆ ವ್ಯಾಪಾರಿಯ ಆಡುಗಳು ಸಾಲಾಗಿ ಬಂದು ಹುಲಿಯ ಬಾಯಿಗೆ ಬೀಳುತ್ತಿದ್ದವು. ಒಂದು ದಿನ ಕುಂಬಾರ ಬೇಕೆಂದೇ ಮೂರೂ ಹುಲಿಗಳನ್ನು ಒಂದೇ ಮೂಲೆಗೆ ತಳ್ಳಿ ಸುಮ್ಮನೆ ಕುಳಿತ. ಇನ್ನೊಂದು ಆಡು ಅಡ್ಡ ಬಂದರೆ ಆಟ ಮುಗಿಯಿತು. ವ್ಯಾಪಾರಿ ಬಹಳ ಹೊತ್ತು ತಲೆ ಕೆರೆದುಕೊಂಡು, ಅಡ್ಡವಿದ್ದ ಆಡನ್ನೂ ಸರಿಸಿ ಹುಲಿಗಳಿಗೆ ದಾರಿ ಬಿಟ್ಟುಕೊಟ್ಟ.

ಅಂದು ಕುಂಬಾರನಿಗೆ ಊಟ ಸೇರಲಿಲ್ಲ. ತನಗೆ ಅರಳುಮರಳು ಹಿಡಿದಿದೆ, ಅದು ಊರಿಗೆಲ್ಲ ಗೊತ್ತಾಗಿದೆ, ತನಗೊಬ್ಬನಿಗೆ ಮಾತ್ರ ಹೇಳುತ್ತಿಲ್ಲ ಎಂದು ಅವನಿಗೆ ಭಯವಾಯಿತು. ಸಾವಿಗೂ ಅವನು ಅಷ್ಟು ಹೆದರಿದವನಲ್ಲ.

ಬೆಳಗಾಗುತ್ತಲೇ ಕೋಲೂರಿಕೊಂಡು ಗಾಣಿಗನ ಕಟ್ಟೆಗೆ ನಡೆದ. ಗಾಣಿಗನೂ ಗೆದ್ದು ಗೆದ್ದು ಸೊರಗಿದ್ದ. ಇಬ್ಬರೂ ಆಟಕ್ಕೆ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಗಾಣಿಗ ಮೂರು ಹುಲಿಯನ್ನೂ ಕಟ್ಟಿಹಾಕಿ, “ಕನ್ನಡಕ ಹಾಕ್ಕೊಂಡೂ ಕುರುಡನ ಆಟ ಆಡ್ತೀಯಲ್ಲೋ! ತಲೇಲಿ ಹಸಿಮಣ್ಣು ತುಂಬ್ಕೊಂಡಿದ್ದೀಯಾ?” ಎಂದು ಬೈದ. ಕುಂಬಾರನ ಕಣ್ಣಲ್ಲಿ ನೀರು ತುಂಬಿತು.

ಸುದ್ದಿ ತಿಳಿದು ವ್ಯಾಪಾರಿ ಏದುಸಿರು ಬಿಡುತ್ತ ಬಂದ. “ಅಯ್ಯೋ ಅಜ್ಜಾ, ಸೋತುಬಿಟ್ರಾ? ಮನಸ್ಸಿಗೆ ಹಚ್ಕೋಬೇಡಿ!”

“ಸೋತೆ ಕಣಪ್ಪಾ!” ಎಂದು ಕುಂಬಾರ ತೊಡೆ ತಟ್ಟಿದ. “ಇವನು ನನ್ನನ್ನ ಬಾಯಿಗೆ ಬಂದಂಗೆ ಬೈದ. ನೀನೋ, ಉಸಿರಿರುವಾಗಲೇ ಹಾರ ಹಾಕಿ ಗೋಡೆಗೆ ನೇತುಹಾಕಿಬಿಟ್ಟಿದ್ದೆ.”

ಅಷ್ಟು ಹೇಳಿ ಅವನು ಮತ್ತೆ ಹುಲಿಗಳನ್ನು ಜೋಡಿಸತೊಡಗಿದ. ಆ ದಿನ ಸಂಘದವರು ಬಡಿಸಿದ ಅನ್ನ ಬಹಳ ಮೆತ್ತಗಾಗಿದೆ ಎಂದು ಜಗಳವಾಡಿ, ಎರಡು ಸಲ ಹಾಕಿಸಿಕೊಂಡು ಉಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕು ಕೈಮುಗಿದು, “ಎಂಥ ಮಾತು ಹೇಳಿದಿರಿ ಗುರುಗಳೇ! ತಾವು ಹೇಳಿದ ಮೇಲೆ ಅದರಲ್ಲಿ ತಪ್ಪು ಹುಡುಕುವುದುಂಟೇ?” ಎಂದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ನಿನ್ನೆ ಪಾಠ ಹೇಳುವಾಗ ನಾನು ಎರಡು ಕಡೆ ತಪ್ಪಿದೆ, ಎರಡು ಸಲವೂ ನೀನು ತಲೆದೂಗಿದೆ.”