ಎಡಗಡೆಯ ಗಾಲಿಯ ನಟ್ಟು

"ಅಜ್ಜಾ, ಇನ್ನೂ ಎಷ್ಟು ಬಲ ಹಾಕಬೇಕು?" ಎಂದು ಓಂಕಾರಪ್ಪ ಕೇಳಿದ.

ಅವನು ಮಠದ ಸ್ವಾಮಿಗಳಾದ ಅಜ್ಜನಿಗೆ ಇಪ್ಪತ್ತು ವರ್ಷದಿಂದ ಶಿಷ್ಯ. ಕೇಳಿದ್ದು ಕಿರಿಯ ಮಗಳ ವಿಷಯ. ಹಿಂದೊಮ್ಮೆ ಹಿರಿಯವಳು ಹಟ ಹಿಡಿದಾಗ ಬಿಗಿಯಾಗಿ ನಾಲ್ಕು ಮಾತು ಹೇಳಿದ್ದ. ಎಂಟು ದಿನದಲ್ಲಿ ಅವಳು ದಾರಿಗೆ ಬಂದಿದ್ದಳು. ಕಿರಿಯವಳು ನರ್ಸಿಂಗ್ ಓದನ್ನು ನಡುವೆ ಬಿಟ್ಟು ಮನೆಗೆ ಬಂದಾಗ ಅವಳಿಗೂ ಅದೇ ನಾಲ್ಕು ಮಾತು ಹೇಳಿದ. ಅವಳು ಬಾಯಿ ಮುಚ್ಚಿದಳು. ಎಂಟು ಮಾತು ಹೇಳಿದ. ಅವಳು ಅವನ ಎದುರಿಗೆ ಉಣ್ಣುವುದನ್ನೂ ಬಿಟ್ಟಳು. ಒಂದೇ ಮನೆ, ಒಂದೇ ಒಲೆ. ಅಪ್ಪ ಹೊರಗೆ ಹೋದ ಮೇಲೆ ಮಗಳ ಊಟ. ಹೀಗೆ ಮೂರು ತಿಂಗಳಾಯಿತು. ಇವತ್ತು ಮನೆಗೆ ಹೋದವನೇ ಇತ್ಯರ್ಥ ಮಾಡಿಬಿಡುತ್ತೇನೆ, ಕಾಲೇಜಿಗೆ ಹೋಗುತ್ತಾಳೋ ಮನೆ ಬಿಟ್ಟು ಹೋಗುತ್ತಾಳೋ ಎರಡರಲ್ಲೊಂದು ಆಗಲಿ ಎಂದ. ಹೇಳುತ್ತಲೇ ಹೊರಡಲು ಎದ್ದ.

ಮೊದಲು ಕುಳಿತುಕೊ, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು ಅಜ್ಜ. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಮೀನುಮರಿಗಳ ವ್ಯಾಪಾರ. ಕೆರೆ ತುಂಬಿದ ಊರುಗಳಿಗೆ ಮರಿಗಳನ್ನು ಒಯ್ದು ಬಿಟ್ಟು ಬರುವುದು ಅವನ ಕಸುಬು. ಅವನ ಹತ್ತಿರ ಒಂದು ಹಳೆಯ ಜೀಪು ಇತ್ತು. ಅದು ಅವನ ಕೈಗೆ ಬಂದು ಹನ್ನೊಂದು ವರ್ಷವಾಗಿತ್ತು. ಮೈ ತುಂಬ ತುಕ್ಕು. ಆದರೂ ಅದರ ಮೇಲೆ ಅವನಿಗೆ ಹೆತ್ತವರ ಮಮತೆ. ಪ್ರತಿ ವರ್ಷ ಆಯುಧಪೂಜೆಗೆ ಜೀಪನ್ನು ತೊಳೆದು, ನಾಲ್ಕೂ ಗಾಲಿಗಳ ನಟ್ಟುಗಳಿಗೆ ತಾನೇ ಕುಳಿತು ಬೆಳ್ಳಿಯ ಬಣ್ಣ ಬಳಿಯುತ್ತಿದ್ದ. ಅದರ ಮೇಲೆ ಗಂಧ, ಕುಂಕುಮ. ಬೇರೆಯವರು ಬಳಿಯುತ್ತೇನೆಂದರೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾಲ್ಕು ಡ್ರಮ್ಮು ಮರಿಗಳನ್ನು ತುಂಬಿಕೊಂಡು ಹೊರಟ. ಎರಡು ತಿಂಗಳು ತನ್ನ ಹೊಂಡದಲ್ಲೇ ಸಾಕಿದ ಮರಿಗಳು. ಗಾಡಿ ಓಡುವಷ್ಟು ಹೊತ್ತು ಡ್ರಮ್ಮಿನ ನೀರು ಕುಲುಕಿ ಗಾಳಿ ಸೇರುತ್ತದೆ, ಮರಿಗಳು ಬದುಕುತ್ತವೆ. ಗಾಡಿ ನಿಂತರೆ ನೀರೂ ನಿಲ್ಲುತ್ತದೆ. ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತವೆ.

ಅವನು ಸೇರಬೇಕಾದ ಕೆರೆ ಇನ್ನೂ ಆರು ಮೈಲಿ ಇರುವಾಗ ಎಡಗಡೆಯ ಹಿಂದಿನ ಗಾಲಿ ಪಂಕ್ಚರ್ ಆಯಿತು. ಬಿಸಿಲೇರುತ್ತಿತ್ತು.

ಅವನು ಹೆದರಲಿಲ್ಲ. ಬೇರೆ ಗಾಲಿ ಜೊತೆಗಿತ್ತು. ಬಲಗಡೆಯ ಗಾಲಿಯನ್ನು ಹಿಂದೆ ಎರಡು ಸಲ ತಾನೇ ಬಿಚ್ಚಿದ್ದ. ಎಡಗಡೆಯದನ್ನು ಬಿಚ್ಚುವ ಪ್ರಸಂಗ ಬಂದಾಗಲೆಲ್ಲ ಅಂಗಡಿ ಹತ್ತಿರದಲ್ಲಿತ್ತು, ಅವರೇ ಬಿಚ್ಚಿ ಹಾಕಿದ್ದರು. ಬಿಚ್ಚುವುದರಲ್ಲಿ ಎಡ ಯಾವುದು, ಬಲ ಯಾವುದು? ಸ್ಪ್ಯಾನರ್ ತೊಡಿಸಿ ಎಲ್ಲರೂ ತಿರುಗಿಸುವಂತೆ ಎಡಕ್ಕೆ ತಿರುಗಿಸಿದ. ನಟ್ಟು ಅಲುಗಲಿಲ್ಲ. ತುಕ್ಕು ಹಿಡಿದಿದೆ ಎಂದುಕೊಂಡ. ಸ್ಪ್ಯಾನರಿನ ಮೇಲೆ ಹತ್ತಿ ನಿಂತ. ಅದು ಒಂದು ಕೂದಲೆಳೆಯಷ್ಟು ಜರುಗಿ ಮತ್ತೆ ಕಚ್ಚಿಕೊಂಡಿತು. ಜರುಗಿತಲ್ಲ ಎಂದು ಅವನಿಗೆ ಖುಷಿ. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಉದ್ದ ಮಾಡಿ, ಮೈಭಾರವನ್ನೆಲ್ಲ ಹಾಕಿದ. ಟಪ್ ಎಂದು ಬೋಲ್ಟು ಮುರಿದು, ಅದರ ತುದಿ ನಟ್ಟಿನ ಸಮೇತ ರಸ್ತೆಗೆ ಬಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನಾನು ಅವನನ್ನು ಹಾಗೆ ಜರಿಯಲಾರೆ. ಡ್ರಮ್ಮಿನೊಳಗೆ ಜೀವ ಒದ್ದಾಡುತ್ತಿರುವಾಗ ಯಾರಿಗೆ ಆತುರವಿಲ್ಲ? ಮೊದಲನೆಯದು ಲಡ್ಡಾಗಿತ್ತು ಎಂದು ಎರಡನೆಯದಕ್ಕೆ ಹೋದ. ಅದಕ್ಕೆ ಇನ್ನೂ ಹೆಚ್ಚು ಬಲ ಹಾಕಿದ. ಅದೂ ಮುರಿಯಿತು. ಉಳಿದ ಮೂರಕ್ಕೂ ಒಂದೊಂದು ಸುತ್ತು ಪ್ರಯತ್ನಿಸಿದ. ಅವು ಮೊದಲಿಗಿಂತ ಬಿಗಿಯಾದವು. ಆಮೇಲೆ ಅವನು ರಸ್ತೆಯ ಮೇಲೆ ಕುಳಿತು ಅತ್ತುಬಿಟ್ಟ.

ದಾರಿಹೋಕರು ಸೇರಿದರು. ಅವರಲ್ಲಿ ನಾನೂ ಒಬ್ಬ, ಆಗ ನನಗೆ ಈ ಕಾವಿ ಇರಲಿಲ್ಲ. ಒಬ್ಬರು ಸೈಕಲ್ಲಿನಲ್ಲಿ ಹೋಗಿ ಗಾಡಿ ರಿಪೇರಿಯ ಮಿಸ್ತ್ರಿಯನ್ನು ಕರೆತರಲು ಹೊರಟರು. ಉಳಿದವರು ಚೆಂಬಿನಿಂದ ಡ್ರಮ್ಮಿನ ನೀರನ್ನು ಮೊಗೆದು ಎತ್ತರದಿಂದ ಅದಕ್ಕೇ ಹೊಯ್ಯುತ್ತ ನಿಂತೆವು, ಗಾಳಿ ಸೇರಲೆಂದು. ನಾವು ಇದ್ದದ್ದು ಮೂವರು, ಡ್ರಮ್ಮುಗಳು ನಾಲ್ಕು. ನನ್ನ ಪಾಲಿನ ಡ್ರಮ್ಮಿನಲ್ಲಿ ಒಂದೊಂದಾಗಿ ಮರಿಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ಅದನ್ನು ನೋಡಿಯೂ ಹೊಯ್ಯುತ್ತಲೇ ಇದ್ದೆ.

ಮಿಸ್ತ್ರಿ ಬಂದ. ವಯಸ್ಸಾದವನು. ಬಂದವನು ಸ್ಪ್ಯಾನರ್ ಮುಟ್ಟಲಿಲ್ಲ. ಒಂದು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬೋಲ್ಟಿನ ತುದಿಯನ್ನು ಉಜ್ಜತೊಡಗಿದ. ಕುಂಕುಮ ಹೋಯಿತು, ಗಂಧ ಹೋಯಿತು. ಬೆಳ್ಳಿಯ ಬಣ್ಣ ಪದರ ಪದರವಾಗಿತ್ತು, ಅದನ್ನು ಚಾಕುವಿನ ಮೊನೆಯಿಂದ ಕೆರೆದ. ವ್ಯಾಪಾರಿ ಚಡಪಡಿಸಿದ. ಮರಿ ಸಾಯುತ್ತಿವೆ, ಇವನು ನಟ್ಟಿಗೆ ಮುಖ ತೊಳೆಸುತ್ತಿದ್ದಾನೆ ಎಂದು ನಮ್ಮ ಕಡೆ ನೋಡಿ ಗೊಣಗಿದ.

ಬಣ್ಣದ ಅಡಿಯಲ್ಲಿ ಒಂದು ಗುರುತು ಇತ್ತು. ಎಡ ಸುತ್ತಿನದು ಎಂದು ತಿಳಿಸಲು ಜೀಪು ಮಾಡಿದವರೇ ಒತ್ತಿದ್ದ ಗುರುತು. ಗಾಲಿ ಉರುಳುವ ರಭಸಕ್ಕೆ ನಟ್ಟು ದಾರಿಯಲ್ಲಿ ತಾನಾಗಿ ಕಳಚಿಕೊಳ್ಳಬಾರದು ಎಂದು ಆ ಕಾಲದ ಕೆಲವು ಗಾಡಿಗಳಲ್ಲಿ ಎಡಗಡೆಯ ಬೋಲ್ಟುಗಳಿಗೆ ತಿರುವನ್ನು ಉಲ್ಟಾ ಇಡುತ್ತಿದ್ದರು. ಅದನ್ನು ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು, ದೇವರಿಗೆ ಪ್ರದಕ್ಷಿಣೆ ಹಾಕುವ ದಿಕ್ಕಿಗೆ. ವ್ಯಾಪಾರಿ ಅಷ್ಟು ಹೊತ್ತು ಹಾಕಿದ ಬಲವೆಲ್ಲ ಬಿಗಿಯುವುದಕ್ಕೇ ಹೋಗಿತ್ತು.

ವ್ಯಾಪಾರಿಗೆ ಅವಮಾನವಾಯಿತು. "ಹನ್ನೊಂದು ವರ್ಷದಿಂದ ನನ್ನ ಗಾಡಿ ಇದು. ನನಗಿಂತ ಚೆನ್ನಾಗಿ ಇದನ್ನ ಯಾರು ಬಲ್ಲರು?" ಎಂದ.

"ಬಲ್ಲೆ ಅಂದ್ಕೊಂಡಿದ್ದಕ್ಕೇ ಒರೆಸಿ ನೋಡ್ಲಿಲ್ಲ ಸ್ವಾಮಿ. ತುಕ್ಕೂ ಇತ್ತು, ಇಲ್ಲ ಅನ್ನಲ್ಲ. ತುಕ್ಕಿಗೆ ಎರಡು ಹನಿ ಎಣ್ಣೆ ಸಾಕಾಗಿತ್ತು" ಎಂದ ಮಿಸ್ತ್ರಿ.

ಅವನು ಉಳಿದ ಮೂರು ನಟ್ಟುಗಳಿಗೆ ಎಣ್ಣೆ ಬಿಟ್ಟ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಎಣ್ಣೆ ಒಳಗಿಳಿಯಲೆಂದು ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕುಳಿತ. ಆ ಹೊತ್ತು ವ್ಯಾಪಾರಿಗೆ ಒಂದು ಯುಗವಾಗಿರಬೇಕು. ಆಮೇಲೆ ಸ್ಪ್ಯಾನರ್ ತೊಡಿಸಿ ಬಲಕ್ಕೆ ತಿರುಗಿಸಿದ. ಪೈಪು ಬೇಕಾಗಲಿಲ್ಲ. ಮೂರೂ ಕಿರುಗುಟ್ಟಿ ಬಿಚ್ಚಿಕೊಂಡವು. ಗಾಲಿ ಬದಲಾಯಿಸಿ, ಅದೇ ಮೂರರ ಮೇಲೆ ಜೀಪು ಮೆಲ್ಲಗೆ ಕೆರೆ ಮುಟ್ಟಿತು. ಎರಡು ಡ್ರಮ್ಮಿನ ಮರಿಗಳು ಬದುಕಿದ್ದವು, ಎರಡು ಡ್ರಮ್ಮಿನವು ಸತ್ತಿದ್ದವು. ಸತ್ತವುಗಳಲ್ಲಿ ನಾನು ನೀರು ಹೊಯ್ದ ಡ್ರಮ್ಮೂ ಸೇರಿತ್ತು.

ಮಾರನೆಯ ದಿನ ಮುರಿದ ಎರಡು ಬೋಲ್ಟುಗಳನ್ನು ತೆಗೆಯುವ ಕೆಲಸ. ಗಾಲಿ ಕಳಚಿ, ಬ್ರೇಕಿನ ಡ್ರಮ್ಮು ಕಳಚಿ, ಒಳಗುಳಿದ ಮೋಟನ್ನು ಕಾಯಿಸಿ, ಅದರಷ್ಟಕ್ಕೆ ಆರಲು ಬಿಟ್ಟು, ಹೊಡೆದು, ಮತ್ತೆ ಕಾಯಿಸಿ ಮಿಸ್ತ್ರಿ ಹೊರಗೆ ತೆಗೆದ. ಬಿಚ್ಚುವುದಕ್ಕೆ ಗಳಿಗೆ ಸಾಕಿತ್ತು, ಮುರಿದದ್ದನ್ನು ತೆಗೆಯುವುದಕ್ಕೆ ಇಡೀ ದಿನ ಹಿಡಿಯಿತು. ವ್ಯಾಪಾರಿ ಪಕ್ಕದಲ್ಲೇ ಕುಳಿತು ನೋಡಿದ. ಹೊಸ ಬೋಲ್ಟು ಕೂರಿಸಿದ ಮೇಲೆ ಅದರ ತುದಿಯ ಗುರುತನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದನಂತೆ. ಆ ವರ್ಷದ ಆಯುಧಪೂಜೆಗೆ ಗಾಲಿಗಳಿಗೆ ನೀರು ಹಾಕಿ ತೊಳೆದ, ಹೂವು ಇಟ್ಟ. ಬಣ್ಣ ಬಳಿಯಲಿಲ್ಲ.

ಇಷ್ಟು ಹೇಳಿ ಅಜ್ಜ ಮಾತು ನಿಲ್ಲಿಸಿದರು.

ಓದು ಯಾಕೆ ಬಿಟ್ಟೆ ಎಂದು ಮಗಳನ್ನು ಕೇಳಿದೆಯಾ ಎಂದು ಅಜ್ಜ ವಿಚಾರಿಸಿದರು. ಕೇಳುವುದೇನಿದೆ, ಅವಳನ್ನು ಹುಟ್ಟಿದಾಗಿನಿಂದ ಬಲ್ಲೆ ಎನ್ನಲು ಬಾಯಿ ತೆರೆದ ಓಂಕಾರಪ್ಪ ಅರ್ಧಕ್ಕೇ ನಿಲ್ಲಿಸಿದ. ಆದರೆ ಸೋಲೊಪ್ಪದ ಮನುಷ್ಯ, ಮತ್ತೆ ಮೊದಲಿನ ಮಾತಿಗೇ ಬಂದ.

"ಆದರೂ ಅಜ್ಜಾ, ನಾನು ಕೇಳಿದ್ದು ಎಷ್ಟು ಬಲ ಹಾಕಬೇಕು ಅಂತ. ಅದಕ್ಕೆ ನೀವು ಉತ್ತರ ಹೇಳಲಿಲ್ಲ."

"ನಿನ್ನ ಬಲ ಸಾಲದೆ ಹೋದದ್ದಕ್ಕೇ, ಓಂಕಾರಪ್ಪ, ಆ ಹುಡುಗಿ ಇನ್ನೂ ಇಡಿಯಾಗಿದ್ದಾಳೆ" ಎಂದರು ಅಜ್ಜ.