ಗೋಡೆಯೊಳಗಿನ ಗಾಣದ ಕಲ್ಲು

"ಗುರುಗಳೇ, ಇಸ್ರಾಯೇಲರ ನಾಡು ಒಡೆದು ಎರಡಾಗಿದೆ. ದಕ್ಷಿಣದಲ್ಲಿ ದಾವೀದನ ವಂಶ, ಉತ್ತರದಲ್ಲಿ ಜನರೇ ಆರಿಸಿ ನಿಲ್ಲಿಸಿದವನ ವಂಶ. ಇಬ್ಬರ ತಲೆಗೂ ಅಭಿಷೇಕದ ಎಣ್ಣೆ ಬಿದ್ದಿದೆ. ಇವರಲ್ಲಿ ನಿಜವಾದ ಅರಸ ಯಾರು?"

ಕೇಳಿದ ಶಿಷ್ಯ ಅರಸನ ಕೋಟೆಗೆ ಬಲವಂತದ ಬಿಟ್ಟಿಯಲ್ಲಿ ಕಲ್ಲು ಹೊತ್ತು ಆಗತಾನೆ ಬಂದಿದ್ದ. ಹೊರೆಯ ಕೆಳಗಿಡುವ ಬಟ್ಟೆಯ ಸಿಂಬೆ ಇನ್ನೂ ತಲೆಯ ಮೇಲೇ ಇತ್ತು. ಗುರುಗಳು ನಕ್ಕು, ಕುಳಿತುಕೋ ಎಂದು ಈ ಕತೆ ಹೇಳಿದರು.

ನಿನ್ನ ಅಜ್ಜನ ಕಾಲದಲ್ಲಿ, ಒಡೆಯದ ಇಡೀ ನಾಡನ್ನು ಆಳುತ್ತಿದ್ದ ದೊಡ್ಡ ಅರಸ, ದಾವೀದನ ಮಗ, ಸತ್ತ. ಜನರೆಲ್ಲ ಅವನ ಮಗನ ಬಳಿ ಹೋದರು. ನಿನ್ನ ಅಪ್ಪ ಬಿಟ್ಟಿ ದುಡಿಸಿ ನಮ್ಮ ಬೆನ್ನು ಮುರಿದ, ನೀನು ಕಡಿಮೆ ಮಾಡು ಎಂದರು. ಇನ್ನೂ ಹೆಚ್ಚು ಮಾಡುತ್ತೇನೆ ಎಂದ ಮಗ. ಉತ್ತರದವರು ಎದ್ದು ಹೋಗಿ ಬೇರೊಬ್ಬ ಅರಸನನ್ನು ಮಾಡಿಕೊಂಡರು. ಅವನೂ ಗದ್ದುಗೆ ಏರಿದವನೇ ಬಿಟ್ಟಿಗೆ ಜನ ಹಿಡಿದ.

ಎರಡು ನಾಡುಗಳ ಗಡಿಯಲ್ಲಿ ಒಂದು ಹಳ್ಳಿ. ಅಲ್ಲಿ ಒಬ್ಬ ಮುದುಕಿ ಆಲಿವ್ ಕಾಯಿ ಅರೆಯುವ ಗಾಣ ಇಟ್ಟುಕೊಂಡಿದ್ದಳು. ದೊಡ್ಡ ಅರಸನ ಪಟ್ಟಕ್ಕೆ ಹೋದದ್ದು ಆ ಗಾಣದ ಎಣ್ಣೆ. ಆದ್ದರಿಂದ ಎರಡು ನಾಡಿಗೂ ಅದೇ ಎಣ್ಣೆ ಬೇಕು. ಬೇರೆ ಎಣ್ಣೆ ಸುರಿಸಿಕೊಂಡವನನ್ನು ಯಾರೂ ಅರಸ ಎನ್ನುತ್ತಿರಲಿಲ್ಲ.

ಉತ್ತರದ ಅರಸ ಗಡಿಯಲ್ಲಿ ಕೋಟೆ ಕಟ್ಟಿಸಿದ. ಕಲ್ಲು ಸಾಲಲಿಲ್ಲ. ಮುದುಕಿಯ ಗಾಣದ ಕಲ್ಲನ್ನೂ ಕಿತ್ತು, ಹಳ್ಳಿಯವರಿಂದಲೇ ಉರುಳಿಸಿ, ಗೋಡೆಯ ಬುಡಕ್ಕೆ ಹಾಕಿಸಿದ. ದಕ್ಷಿಣದ ಅರಸ ದಂಡು ತಂದು ಆ ಗೋಡೆ ಕೆಡವಿಸಿದ. ಅವೇ ಕಲ್ಲುಗಳಿಂದ ತನ್ನ ಕೋಟೆ ಕಟ್ಟಿಸಿದ. ಹೊತ್ತವರು ಮತ್ತೆ ಅದೇ ಹಳ್ಳಿಯವರು. ಈ ಕಲ್ಲಿಗೆ ನನ್ನ ಹೆಗಲಿನ ಗುರುತು ಸಿಕ್ಕಿಬಿಟ್ಟಿದೆ ಎಂದು ಅವರಲ್ಲೊಬ್ಬ ನಗಾಡಿದ. ಗಾಣದ ಕಲ್ಲು ಈ ಸಲ ಹೆಬ್ಬಾಗಿಲ ಕೆಳಗೆ ಕೂತಿತು.

ಕಾಯಿ ಮಾಗಿತು. ಅರೆಯದೆ ಬಿಟ್ಟರೆ ರಾಶಿಯಲ್ಲೇ ಕೊಳೆಯುತ್ತದೆ; ಹಳ್ಳಿಯ ವರ್ಷದ ಹೊಟ್ಟೆಪಾಡೇ ಅದು. ಅದೇ ಸಮಯಕ್ಕೆ ಇಬ್ಬರು ಅರಸರೂ ತೀರಿಕೊಂಡರು. ಇಬ್ಬರ ಹಿರಿಮಕ್ಕಳಿಗೂ ಪಟ್ಟದ ಅವಸರ, ಏಕೆಂದರೆ ಇಬ್ಬರಿಗೂ ತಮ್ಮಂದಿರು ಬಹಳ.

ಎರಡೂ ಕಡೆಯ ದೂತರು ಎಣ್ಣೆ ಒಯ್ಯುವ ಕೊಂಬು ಹಿಡಿದು ಒಂದೇ ಬೆಳಿಗ್ಗೆ ಮುದುಕಿಯ ಅಂಗಳಕ್ಕೆ ಬಂದರು. ಯಾರ ಕೊಂಬು ಮೊದಲು ತುಂಬಬೇಕೆಂದು ಜಗಳ ಹತ್ತಿತು. ಒಬ್ಬ ದಾವೀದನ ಹೆಸರೆತ್ತಿದ, ಇನ್ನೊಬ್ಬ ಜನರ ಹೆಸರೆತ್ತಿದ. ಮುದುಕಿ ಇಬ್ಬರಿಗೂ ನೀರು ಕೊಟ್ಟಳು.

"ಎಣ್ಣೆ ಎಲ್ಲಿಂದ ತರಲಿ, ಮಕ್ಕಳೇ? ನನ್ನ ಕಲ್ಲು ಗೋಡೆಯಲ್ಲಿದೆ."

ಕಿತ್ತವರು ಅವರು ಎಂದ ದಕ್ಷಿಣದವನು. ಇಟ್ಟುಕೊಂಡವರು ಇವರು ಎಂದ ಉತ್ತರದವನು.

"ಹಾಗಾದರೆ ಇಬ್ಬರೂ ಹೋಗಿ ತನ್ನಿ. ನಮ್ಮವರು ಕಾಯಿ ಉದುರಿಸಲು ಮರ ಹತ್ತಿದ್ದಾರೆ. ಬಿಟ್ಟಿಗೆ ಕರೆದರೆ ಈ ಸಲ ಇಳಿಯುವುದಿಲ್ಲ."

ದೂತರು ಕತ್ತಿ ತೋರಿಸಿದರು. ಕತ್ತಿಯಿಂದ ಅರೆದು ನೋಡಿ ಎಂದಳು ಮುದುಕಿ. ಮರಗಳಿಂದ ಒಬ್ಬನೂ ಇಳಿಯಲಿಲ್ಲ. ದಕ್ಷಿಣದ ಹಿರಿಮಗನಿಗೆ ಸುದ್ದಿ ಹೋಯಿತು. ಬಾಗಿಲು ಬಿದ್ದರೆ ಮತ್ತೆ ಕಟ್ಟಬಹುದು, ಪಟ್ಟ ತಮ್ಮನ ಪಾಲಾದರೆ ಏನು ಮಾಡಲಿ ಎಂದು ಅವನು ಹೆಬ್ಬಾಗಿಲು ಒಡೆಸಿದ. ದೂತರಿಬ್ಬರೂ ನಿಲುವಂಗಿ ಎತ್ತಿ ಕಟ್ಟಿಕೊಂಡು, ಭುಜಕ್ಕೆ ಭುಜ ಕೊಟ್ಟು, ಕಲ್ಲನ್ನು ಏರಿನಲ್ಲಿ ಉರುಳಿಸುತ್ತ ಬಂದರು. ನಿಧಾನ ಸ್ವಾಮಿ, ನಮಗೂ ಆ ತಿರುವಿನಲ್ಲೇ ಸೊಂಟ ಹಿಡಿದದ್ದು ಎಂದು ಮರದ ಮೇಲಿನಿಂದ ಒಬ್ಬ ಹೇಳಿದ. ಹಳ್ಳಿಯೇ ನಕ್ಕಿತು.

ಗಾಣ ತಿರುಗಿತು. ಮುದುಕಿ ಮೊದಲು ಹಳ್ಳಿಯ ಕಾಯಿಯನ್ನೆಲ್ಲ ಅರೆದಳು. ಕೊನೆಗೆ ಒಂದೇ ಗಡಿಗೆಯಿಂದ ಎರಡೂ ಕೊಂಬು ತುಂಬಿಸಿದಳು. ಎರಡು ನಾಡಿನಲ್ಲೂ ಹೊಸ ಅರಸನಿಗೆ ಜಯಕಾರವಾಯಿತು. ಹೆಬ್ಬಾಗಿಲು ಮತ್ತೆ ಕಟ್ಟಲು ಬನ್ನಿ ಎಂದು ಕರೆ ಬಂದಾಗ ಹಳ್ಳಿಯವರು ಮತ್ತೆ ಮರ ಹತ್ತಿದರು. ಬಾಗಿಲು ಇವತ್ತಿಗೂ ಹಾಗೇ ಬಿದ್ದಿದೆ. ಎರಡು ನಾಡಿನ ಆಡುಗಳೂ ಅದರಲ್ಲೇ ಓಡಾಡುತ್ತವೆ.

ಶಿಷ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಕತೆಯೇನೋ ಸೊಗಸಾಗಿದೆ, ಆದರೆ ನಿಜವಾದ ಅರಸ ಯಾರೆಂದು ನೀವು ಹೇಳಲೇ ಇಲ್ಲ ಎಂದ.

"ಮೊದಲು ನಿನ್ನ ತಲೆಯ ಮೇಲಿನ ಸಿಂಬೆ ತೆಗೆ, ಆಮೇಲೆ ಕೇಳು."