ತೇಪೆಯ ಕೆಳಗೆ

"ಗುರುಗಳೇ, ಭೂಮಿಗೆ ಭಾರವಾಗದಂತೆ ಬದುಕಿ ಎಂದು ಕೇರಿ ಕೇರಿ ತಿರುಗಿ ಹೇಳಿದೆ. ಉಳ್ಳವರು ತಲೆದೂಗಿದರು. ಇಲ್ಲದವರು ಹೊಸ ಬಟ್ಟೆಯ ಅಂಗಡಿಗೇ ನಡೆದರು. ಅವರಿಗೇಕೆ ತಿಳಿಯುವುದಿಲ್ಲ?"

ಹೀಗೆ ಕೇಳಿದ ಶಿಷ್ಯ ಸಿರಿವಂತರ ಮನೆಯವನು. ಮಠಕ್ಕೆ ಬಂದ ಮೇಲೆ ತೇಪೆ ಹಾಕಿದ ಶಾಲು ಹೊದೆಯುತ್ತಿದ್ದ.

"ನಾನು ಕತೆ ಹೇಳಿದರೆ ಈ ಕಂಬವೂ ಹ್ಞೂಂಗುಟ್ಟುತ್ತದೆ. ನೀನು ಸುಮ್ಮನೆ ಕೇಳು" ಎಂದು ಗುರುಗಳು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಸಾಹುಕಾರ. ಅವನ ಧೋತರ ಒಣಹಾಕುವ ಹಗ್ಗ ಪಕ್ಕದ ಊರನ್ನು ಮುಟ್ಟುತ್ತಿತ್ತು. ಅದರ ಮೇಲೆ ಕೂತ ಕಾಗೆ ಯಾರ ಊರಿನದೆಂದು ಎರಡೂರಿಗೂ ಜಗಳ. ಸುಳ್ಳೆನಿಸಿದರೆ ಆ ಕಾಗೆಯನ್ನೇ ಕೇಳು.

ಬಟ್ಟೆಗೆ ಬಣ್ಣ ಹಾಕಿದ ನೀರು ಸೇರಿ ಹಳ್ಳದ ಮೀನುಗಳೆಲ್ಲ ಸತ್ತು ತೇಲಿದ ವರ್ಷ ಸಾಹುಕಾರನ ಮನಸ್ಸು ತಿರುಗಿತು. ಇದ್ದದ್ದು ಚಿಂದಿಯಾಗುವವರೆಗೆ ಯಾರೂ ಹೊಸ ಬಟ್ಟೆ ಕೊಳ್ಳಬಾರದು, ಕೊಂಡರೆ ಅದು ಚಾವಡಿಗೆ ಸೇರಬೇಕು ಎಂದು ಊರನ್ನು ಒಪ್ಪಿಸಿದ. ಮಾತೇನೂ ತಪ್ಪಲ್ಲ. ಹಳ್ಳ ಸತ್ತಿದ್ದು ನಿಜ. ತಾನೇ ಮೊದಲು ತೇಪೆಯ ಅಂಗಿ ತೊಟ್ಟು ಹೊರಬಂದ. ಜನ ಕೈಮುಗಿದರು.

ಆ ತೇಪೆ ಹಾಕಿದವಳು ಹಳೆ ಬಟ್ಟೆ ಜೋಡಿಸಿ ಊರಿಗೆಲ್ಲ ಕೌದಿ ಹೊಲಿದು ಕೊಡುವ ದ್ಯಾಮವ್ವ. ಅವಳು ಹುಟ್ಟಿದಾಗ ಸುತ್ತಿದ್ದು ಯಾರದೋ ಹಳೆ ಸೀರೆ. ಮದುವೆಯಲ್ಲಿ ಉಟ್ಟಿದ್ದೂ ಯಾರದೋ ಹಳೆ ಸೀರೆ. ಮಗಳ ಮದುವೆಗೆಂದು ಮಾತ್ರ ಒಂದು ಹೊಸ ಹಸಿರು ಸೀರೆ ಕೊಂಡಳು. ಮಡಿಕೆ ಬಿಚ್ಚದೆ ಮೂಸಿ ನೋಡಿದಳು. ಯಾರ ಮೈವಾಸನೆಯೂ ಇರಲಿಲ್ಲ.

ಮದುವೆಯ ಮುನ್ನಾದಿನವೇ ಚಾವಡಿಯಿಂದ ಕರೆ ಬಂತು. ಅರಿಶಿನ ಹಚ್ಚಿಕೊಂಡು ಕೂತ ಮಗಳನ್ನು ಬಿಟ್ಟು, ಸೀರೆಯನ್ನು ಕಂಕುಳಲ್ಲಿ ಅವುಚಿಕೊಂಡು ದ್ಯಾಮವ್ವ ಹೋದಳು. ಊರೆಲ್ಲ ನೆರೆದಿತ್ತು. ಸಾಹುಕಾರ ಗದರಲಿಲ್ಲ. ನಾನೇ ತೇಪೆ ತೊಟ್ಟಿರುವಾಗ ನಿನ್ನದೇನು ಹೆಚ್ಚುಗಾರಿಕೆ ಎಂದು ಮೆತ್ತಗೆ ಕೇಳಿ, ಸೀರೆಗೆ ಕೈ ಚಾಚಿದ.

ದ್ಯಾಮವ್ವ ಸೊಂಟದ ಚೀಲಕ್ಕೆ ಕೈ ಹಾಕಿ ಕತ್ತರಿ ತೆಗೆದಳು. ಜನ ಹಿಂದೆ ಸರಿದರು.

"ಸಾವ್ಕಾರ್ರ, ನಿಮ್ಮ ಹೆಗಲ ಮ್ಯಾಲಿನ ತ್ಯಾಪಿ ಹೊಲದಾಕಿ ನಾನು. ಈಗ ನಾನ ಬಿಚ್ಚತೀನಿ. ಅದರ ಕೆಳಗ ಅಂಗಿ ಹರದಿದ್ರ, ಸೀರಿ ನಿಮ್ದು."

ಸೀರೆಯತ್ತ ಚಾಚಿದ್ದ ಕೈ ತಿರುಗಿ ಹೆಗಲಿಗೆ ಹೋಯಿತು. ಸಾಹುಕಾರ ತೇಪೆಯನ್ನು ಒತ್ತಿ ಹಿಡಿದ. ದ್ಯಾಮವ್ವ ಕತ್ತರಿ ಹಿಡಿದು ಕಾದಳು. ಕೊನೆಗೆ ಅವನು ಹೆಗಲ ಮೇಲಿನ ಕೈ ತೆಗೆಯದೆ ಎದ್ದು ಮನೆಗೆ ನಡೆದ.

ಮರುದಿನ ಮಗಳು ಹಸಿರು ಸೀರೆ ಉಟ್ಟು ಹಸೆಗೆ ಕೂತಳು. ಅಕ್ಷತೆ ಹಾಕಲು ಸಾಹುಕಾರನೂ ಬಂದ. ಒಂದೇ ಕೈಯಲ್ಲಿ ಹಾಕಿದ. ಇನ್ನೊಂದು ಕೈ ಆಗಲೂ ಹೆಗಲ ಮೇಲೇ ಇತ್ತು.

ಶಿಷ್ಯ ನಕ್ಕ. ಗುರುಗಳು ನಗಲಿಲ್ಲ. ಅವನ ಶಾಲನ್ನೇ ನೋಡುತ್ತ ಕೇಳಿದರು:

"ತಮ್ಮಾ, ನಿನ್ನ ತೇಪೆಯ ಕೆಳಗೆ ಎಷ್ಟು ಹರಿದಿದೆ?"